ಬದಲಿ ಕೈ ತಂದ ಸಿಸ್ಟರ್

ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಯಾರನ್ನೂ ಹೆತ್ತವರು ಇಟ್ಟ ಹೆಸರಿನಿಂದ ಕರೆಯುವುದಿಲ್ಲ. ಅರಿವಳಿಕೆ ಕೊಡುವ ಡಾಕ್ಟರು ನಿದ್ದೆ ಸಾರ್. ಆಸ್ಪತ್ರೆಗೆಲ್ಲ ಮೇಲಾದವರು ದೊಡ್ಡ ಡಾಕ್ಟರು, ಆಳು ಗಿಡ್ಡಗಿದ್ದರೂ ಸರಿ. ತಲೆತುಂಬ ಸುರುಳಿ ಕೂದಲಿನ ನರ್ಸ್ ಗುಂಗುರು ಸಿಸ್ಟರ್. ಹಾಗೆಯೇ ಆಪರೇಷನ್ ಕೋಣೆಯ ಹಿರಿಯ ನರ್ಸ್‌ಗೆ ಬದಲಿ ಸಿಸ್ಟರ್ ಎಂಬ ಹೆಸರು ಬಿದ್ದಿತ್ತು. ಆ ಹೆಸರು ಹೇಗೆ ಬಿತ್ತು, ಅದನ್ನು ಉಳಿಸಿಕೊಳ್ಳಲು ಅವಳು ಒಂದು ದಿನ ಎಷ್ಟು ಓಡಿದಳು ಎಂಬುದೇ ಈ ಕತೆ. ಆ ಓಟದಲ್ಲಿ ಅರ್ಧ ದಾರಿ ನಾನೂ ಜೊತೆಗಿದ್ದೆ.

ನಾನು ಆಪರೇಷನ್ ಕೋಣೆಯ ಪಕ್ಕದ ಬಟ್ಟೆ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಹಾಸಿಗೆ ಬಟ್ಟೆಗೆ ತೇಪೆ ಹಾಕುವವಳು, ಎಲ್ಲರ ಬಾಯಲ್ಲೂ ದೊಡ್ಡಮ್ಮ. ನಡುವೆ ಇರುವುದು ಒಂದು ಹಲಗೆಯ ಗೋಡೆ. ಗೋಡೆಗೂ ಕಿವಿಯಿದೆ ಅನ್ನುತ್ತಾರಲ್ಲ, ಆ ಗೋಡೆಯ ಕಿವಿ ನಾನೇ.

ಬದಲಿ ಸಿಸ್ಟರ್ ನಡೆದದ್ದನ್ನು ಕಂಡವರಿಲ್ಲ. ಓಡುವುದು, ಇಲ್ಲವೇ ನಿಲ್ಲುವುದು, ಎರಡೇ. ಕುಳ್ಳಗೆ, ದುಂಡಗೆ, ಚೆಂಡು ಪುಟಿದ ಹಾಗೆ ಬರುವಳು. ಕತ್ತರಿ, ಇಕ್ಕಳಗಳನ್ನು ಬಿಸಿನೀರಿನಿಂದ ತೆಗೆದು ಜೋಡಿಸುವಾಗ ಅವುಗಳ ಜೊತೆ ಮಾತಾಡುವಳು. "ನೀನು ಯಾಕಪ್ಪಾ ಮೊನ್ನೆ ಕೈಕೊಟ್ಟೆ? ಡಾಕ್ಟ್ರು ಬೈದಿದ್ದು ನನ್ನ, ನಿನ್ನನ್ನಲ್ಲ." ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ, ಬೆಳೆದ ಇಬ್ಬರು ಗಂಡುಮಕ್ಕಳು. ಮೂವರಿಗೂ ಸೇರಿ ಅವಳ ಎದುರು ಒಂದೇ ಬಾಯಿ, ಅದೂ ಊಟಕ್ಕೆ.

ಅವಳ ತಾಯಿ ಪ್ರಾರ್ಥನಾ ಮಂದಿರದ ನೆಲ ಒರೆಸುತ್ತಿದ್ದವರು. ಮಗಳು ಆ ನೆಲದ ಮೇಲೆಯೇ ಅಂಬೆಗಾಲಿಟ್ಟು, ಅಲ್ಲೇ ಅಕ್ಷರ ಕಲಿತು ಬೆಳೆದಳು. ಜೀವ ಕೊಡುವವನು ಮೇಲಿದ್ದಾನೆ, ಅದನ್ನು ಚಿವುಟುವ ಹಕ್ಕು ಮನುಷ್ಯರ ಕೈಗಿಲ್ಲ ಎಂಬ ಮಾತು ಅವಳಿಗೆ ಯಾರೋ ಹೇಳಿಕೊಟ್ಟದ್ದಲ್ಲ, ತಾಯಿಯ ಹಾಲಿನ ಜೊತೆ ಬಂದದ್ದು. ಹೀಗಿರುವಾಗ ಸರ್ಕಾರದಿಂದ ಆದೇಶ ಬಂತು. ಬಸಿರು ಇಳಿಸುವ ಚಿಕಿತ್ಸೆ ಇನ್ನು ಮುಂದೆ ಸರ್ಕಾರಿ ಆಸ್ಪತ್ರೆಗಳಲ್ಲಿ, ಕಾನೂನು ಹೇಳಿದ ಮಿತಿಯೊಳಗೆ, ಬಿಟ್ಟಿಯಾಗಿ ಸಿಗಬೇಕು. ಮನಸ್ಸು ಒಪ್ಪದ ನರ್ಸು, ಡಾಕ್ಟರು ಹಿಂದೆ ಸರಿಯಬಹುದು, ಬಲವಂತವಿಲ್ಲ.

"ನಾನು ಹಿಂದೆ ಸರಿದೆ" ಎಂದು ಅವಳು ಅವತ್ತೇ ಹೇಳಿಬಿಟ್ಟಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ.

ಎಡವಟ್ಟು ಆದದ್ದು ಆಮೇಲೆ. ನಮ್ಮ ಕಡೆಯ ಹೆಂಗಸರು ಆ ಚಿಕಿತ್ಸೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಪರೇಷನ್ ಕೋಣೆಯ ಕಿಟಕಿಯ ಹತ್ತಿರ ಬಂದು, ನೆಲ ನೋಡುತ್ತಾ, "ತೆಗೆಸ್ಬೇಕಿತ್ತು" ಅನ್ನುತ್ತಾರೆ, ಅಷ್ಟೇ. ಕೇಳಿದವರಿಗೆ ಅರ್ಥವಾಗುತ್ತದೆ. ಒಂದು ಬೆಳಗ್ಗೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಮೈತುಂಬ ಶಾಲು ಹೊದ್ದು ಬಂದಳು.

"ಸಿಸ್ಟರ್, ತೆಗೆಸ್ಬೇಕಿತ್ತು."

"ಎಷ್ಟು ದಿನ ಆಯ್ತು?"

"ಹತ್ತು ದಿನ."

"ಹತ್ತೇ ದಿನಕ್ಕೆ ಗೊತ್ತಾಗ್ಬಿಡ್ತಾ ನಿಂಗೆ?"

"ಗೊತ್ತಾಗ್ದೆ ಇರುತ್ತಾ ಸಿಸ್ಟರ್? ಚುಚ್ಚುತ್ತಲ್ಲ."

"ಚುಚ್ಚುತ್ತೆ ಕಣಮ್ಮ! ಮನಸ್ಸಾಕ್ಷಿ ಅನ್ನೋದು ಹಾಗೇನೇ, ಚುಚ್ಚುತ್ತೆ! ನಿನ್ನ ಗಂಡ ಏನಂತಾನೆ?"

"ಅವ್ರೇ ಕಳ್ಸಿದ್ದು. ಬೇಗ ತೆಗೆಸ್ಕೊಂಡು ಬಾ, ಮನೇಲಿ ಅಡುಗೆಗೆ ತೊಂದ್ರೆ ಆಗಿದೆ ಅಂದ್ರು."

"ಅಡುಗೆಗೆ! ಕೇಳಿಸ್ಕೊಂಡ್ಯಾ ಭಗವಂತ, ಅಡುಗೆಗಂತೆ! ನೋಡಮ್ಮ, ಇಟ್ಟವನೇ ತೆಗೀಬೇಕು. ಅದು ನನ್ನ ಕೆಲಸ ಅಲ್ಲ."

"ಹಾಕಿದ ಡಾಕ್ಟ್ರು ಇವತ್ತು ರಜೆ ಅಂತೆ ಸಿಸ್ಟರ್…"

ಈ ಕೊನೆಯ ಮಾತು ಅವಳ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಕಿಟಕಿ ಮುಚ್ಚಿಯಾಗಿತ್ತು. ಹುಡುಗಿ ತೆಗೆಸಲು ಬಂದದ್ದು ಅಂಗೈಗೆ ಹಾಕಿದ್ದ ಹೊಲಿಗೆಯನ್ನು. ತರಕಾರಿ ಹೆಚ್ಚುವಾಗ ಕೊಯ್ದುಕೊಂಡಿದ್ದಳಂತೆ. ಸಿಸ್ಟರ್ ಬೈದಳೆಂದು ಹೆದರಿ ಮನೆಗೆ ಹೋದವಳು ಮರುವಾರ ಬಂದಾಗ ಕೈ ಹೂರಣ ತುಂಬಿದ ಹಾಗೆ ಊದಿತ್ತು, ಕೀವು ಸುರಿಯುತ್ತಿತ್ತು. ಆ ಕೈಯನ್ನು ದಿನಾ ತೊಳೆದು ಕಟ್ಟಿದವಳು ಬದಲಿ ಸಿಸ್ಟರೇ. ಅವಳ ಬಾಯಿಂದ ಮಾತು ಹೊರಡದೆ ಇದ್ದದ್ದನ್ನು ನಾನು ನೋಡಿದ್ದು ಆ ಒಂದು ವಾರ ಮಾತ್ರ.

ವಾರ ಕಳೆದ ಮೇಲೆ ನನ್ನ ಕೋಣೆಗೆ ನುಗ್ಗಿ, ಬಟ್ಟೆಯ ಗಂಟಿನ ಮೇಲೆ ಕುಕ್ಕರಿಸಿದಳು.

"ದೊಡ್ಡಮ್ಮ, ನನ್ನ ಮನಸ್ಸು ಬೇಡ ಅಂದಿದ್ದು ತಪ್ಪಲ್ಲ. ಬೇಡ ಅಂದು ಕಿಟಕಿ ಮುಚ್ಚಿದ್ದು ತಪ್ಪು. ಹೊಲಿಗೆ ಆಗಿದ್ರೂ ತಪ್ಪೇ, ಬಸಿರೇ ಆಗಿದ್ರೂ ತಪ್ಪೇ. ರೋಗಿ ಬಂದಿರೋದು ಆಸ್ಪತ್ರೆಗೆ, ನನ್ನ ಮನೆಗಲ್ಲ."

"ಹಾಗಾದ್ರೆ ಏನು ಮಾಡ್ತೀಯ?"

"ನನ್ನ ಕೈ ಕೊಡಲ್ಲ. ಆದ್ರೆ ನನ್ನ ಕೈ ಕೊಡ್ದೆ ಇರೋ ಕಡೆ ಇನ್ನೊಂದು ಕೈ ನಾನೇ ತಂದಿಡ್ತೀನಿ. ಆ ಕೈ ಬರೋವರೆಗೂ ಅವರನ್ನ ಬಿಟ್ಟು ಕದಲಲ್ಲ."

ಇದೇ ಅವಳು ಮಾಡಿಕೊಂಡ ಕಟ್ಟಲೆ. ಗುಂಗುರು ಸಿಸ್ಟರ್ ಜೊತೆ ಒಪ್ಪಂದವಾಯಿತು. ಅಂಥ ರೋಗಿ ಬಂದಾಗ ಗುಂಗುರು ಒಳಗೆ ಹೋಗುವಳು. ಅವಳ ವಾರ್ಡಿನ ಅಷ್ಟೂ ಕೆಲಸ, ಇಂಜೆಕ್ಷನ್ನಿನಿಂದ ಹಿಡಿದು ಮಲದ ಪಾತ್ರೆಯವರೆಗೆ, ಇವಳು ಮಾಡುವಳು. ಹಾಗೆ ಬದಲಿ ಸಿಸ್ಟರ್ ಆದಳು.

ಬೈಗುಳ ಎರಡೂ ಕಡೆಯಿಂದ ಬಂತು. ದೊಡ್ಡ ಡಾಕ್ಟರು, "ಸರ್ಕಾರದ ಸಂಬಳ ಬೇಕು, ಸರ್ಕಾರದ ಕೆಲಸ ಬೇಡ ಅಂದ್ರೆ ಹೆಂಗಮ್ಮಾ?" ಎಂದು ಮೇಜು ಗುದ್ದಿದರು. "ಸರ್ಕಾರವೇ ಹಿಂದೆ ಸರೀಬಹುದು ಅಂದಿದೆ ಸಾರ್, ನೀವ್ಯಾಕೆ ಸರ್ಕಾರಕ್ಕಿಂತ ಬಿಸಿಯಾಗ್ತೀರಿ?" ಎಂದಳು. ಪ್ರಾರ್ಥನಾ ಮಂದಿರದ ಗುರುಗಳು ಕರೆಸಿ, "ಆ ಕೋಣೆಯ ಬೀಗದ ಕೈ ನಿನ್ನ ಸೊಂಟದಲ್ಲಿದೆ ಮಗಳೇ. ಬಾಗಿಲಿಗೆ ಅಡ್ಡ ನಿಂತರೆ ಎಷ್ಟು ಜೀವ ಉಳಿಯುತ್ತೆ ನೋಡು" ಎಂದರು. "ಬೀಗದ ಕೈ ಸರ್ಕಾರದ್ದು ಗುರುಗಳೇ. ನನ್ನದು ಅಂತ ಇರೋದು ಈ ಎರಡು ಕೈ. ಅವನ್ನು ಬೇಕಾದ್ರೆ ಕಟ್ಕೊಂಡು ಕೂರ್ತೀನಿ" ಎಂದು ಬಂದಳು. ಬಂದು ನನ್ನ ಕೋಣೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗುರುಗಳ ಮಾತು ಅವಳಿಗೆ ಹಗುರವಾಗಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿರುವಾಗ ಗುಂಗುರು ಸಿಸ್ಟರಿಗೇ ಹೆರಿಗೆಯಾಯಿತು. ಅವಳು ರಜೆಯ ಮೇಲೆ ಹೋದಳು. ಬದಲಿಗೆ ಬದಲಿಯೆಂದು ಪಕ್ಕದ ಊರಿನ ಆಸ್ಪತ್ರೆಯಿಂದ ಇನ್ನೊಬ್ಬ ನರ್ಸನ್ನು ಗೊತ್ತುಮಾಡಿದ್ದರು.

ಆ ದಿನ ಬಂದವಳು ಬೇಕರಿಯವಳು. ಆಸ್ಪತ್ರೆಯ ಎದುರಿನ ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ನಮ್ಮೆಲ್ಲರಿಗೂ ಬನ್ನು ಕೊಟ್ಟವಳು. ಗಂಡ ಲಾರಿಯ ಮೇಲೆ ದೂರದ ಊರಿಗೆ ಹೋಗಿದ್ದ. ಎರಡು ಮಕ್ಕಳು. ಎರಡನೆಯ ಹೆರಿಗೆಯಲ್ಲಿ ಹೃದಯ ಸೋತು, ಸತ್ತೇ ಹೋದಳು ಅಂದುಕೊಂಡವಳು ಹೇಗೋ ಉಳಿದಿದ್ದಳು. ಇನ್ನೊಂದು ಹೆರಿಗೆಯನ್ನು ಈ ಎದೆ ತಡೆಯುವುದಿಲ್ಲ ಎಂದು ಹೃದಯದ ಡಾಕ್ಟರು ಆಗಲೇ ಹೇಳಿದ್ದರು. ಈಗ ಮೂರನೆಯದು ನಿಂತಿತ್ತು. ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು.

ಅವಳೂ ಬದಲಿ ಸಿಸ್ಟರ್ ಹೋಗುವ ಪ್ರಾರ್ಥನಾ ಮಂದಿರಕ್ಕೇ ಹೋಗುವವಳು. ಬೆಂಚಿನ ಮೇಲೆ ಮುಖ ತಗ್ಗಿಸಿ ಕೂತಿದ್ದಳು.

"ಅಕ್ಕಾ, ನೀವು ನನ್ನ ಮುಖ ನೋಡಲ್ಲ ಅಂದ್ಕೊಂಡಿದ್ದೆ."

"ಯಾಕೆ ನೋಡಲ್ಲ? ದಿನಾ ಬನ್ನಿಗೆ ಬೆಣ್ಣೆ ಜಾಸ್ತಿ ಸವರೋಳು ನೀನೊಬ್ಬಳೇ" ಎಂದು ಸಿಸ್ಟರ್ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು.

"ನಂಗೆ ಆಸೆ ಇಲ್ಲ ಅಂತಲ್ಲ ಅಕ್ಕ. ಈ ಎರಡನ್ನ ಯಾರ ಬಾಗ್ಲಲ್ಲಿ ಬಿಟ್ಟು ಸಾಯ್ಲಿ? ದೇವ್ರು ಕೇಳಿದ್ರೆ ಇದನ್ನೇ ಹೇಳ್ತೀನಿ."

ಸುಳ್ಳು ಸಮಾಧಾನ ಸಿಸ್ಟರಿಗೆ ಬರುವುದಿಲ್ಲ. "ನೋಡು, ನಾನು ಒಳಗೆ ಬರಲ್ಲ. ನನ್ನ ಮನಸ್ಸು ಒಪ್ಪಲ್ಲ, ಅದನ್ನ ನಿನ್ನ ಹತ್ರ ಮುಚ್ಚಿಡಲ್ಲ. ಆದ್ರೆ ನಿನ್ನನ್ನ ಹೊರಗಡೆ ಬಿಟ್ಟೂ ಹೋಗಲ್ಲ. ಅರ್ಥ ಆಯ್ತಾ?"

"ಆಯ್ತು ಅಕ್ಕ."

ಅಷ್ಟರಲ್ಲಿ ಫೋನು. ಪಕ್ಕದ ಊರಿನ ನರ್ಸಿಗೆ ಚಳಿಜ್ವರ, ಎದ್ದು ಕೂರಲೂ ಆಗುತ್ತಿಲ್ಲ.

ಈ ಚಿಕಿತ್ಸೆ ಮಾಡುವ ಡಾಕ್ಟರಮ್ಮ ನಮ್ಮವರಲ್ಲ. ನಿದ್ದೆ ಸಾರ್ ಜೊತೆ ಸರ್ಕಾರಿ ಜೀಪಿನಲ್ಲಿ ದೊಡ್ಡ ಊರಿನಿಂದ ತಿಂಗಳಿಗೊಮ್ಮೆ ಬರುವವರು, ಅಂದು ಬಂದಿದ್ದರು. ಮುಂದಿನ ಸರದಿಯವರೆಗೆ ಕಾದರೆ ಬಸಿರು ಬಲಿಯುತ್ತದೆ, ಆಮೇಲೆ ಮುಟ್ಟಿದರೂ ಕಷ್ಟ, ಬಿಟ್ಟರೂ ಕಷ್ಟ. ದೊಡ್ಡ ಊರಿಗೇ ಕಳಿಸೋಣವೆಂದರೆ ಆ ದಾರಿಯ ಕುಲುಕಾಟವನ್ನು ಅವಳ ಎದೆ ತಡೆಯುವ ನಂಬಿಕೆ ಯಾರಿಗೂ ಇರಲಿಲ್ಲ.

"ಎದೆ ಸರಿಯಿಲ್ಲದ ರೋಗಿ. ಪಳಗಿದ ನರ್ಸ್ ಪಕ್ಕದಲ್ಲಿ ಇಲ್ದೆ ನಾನು ಮುಟ್ಟಲ್ಲ" ಎಂದರು ಡಾಕ್ಟರಮ್ಮ. ಆಮೇಲೆ ಬದಲಿ ಸಿಸ್ಟರನ್ನು ನೋಡಿದರು. ಎಲ್ಲರೂ ಅವಳನ್ನೇ ನೋಡಿದರು.

ದೊಡ್ಡ ಡಾಕ್ಟರು ಕೈ ಮುಗಿದರು. "ಸಿಸ್ಟರ್, ಇವತ್ತೊಂದು ದಿನ ನಿಮ್ಮ ದೇವರಿಗೆ ರಜೆ ಕೊಟ್ಬಿಡಿ."

"ಅವನು ರಜೆ ತಗೊಳ್ಳೋ ಪೈಕಿ ಅಲ್ಲ ಸಾರ್" ಎಂದಳು. ಬೆಂಚಿನ ಕಡೆ ನೋಡಿದಳು. ಬೇಕರಿಯವಳು ಕಣ್ಣು ಎತ್ತಿದಳು. ಸಿಸ್ಟರ್ ಡಾಕ್ಟರಮ್ಮನ ಕಡೆ ತಿರುಗಿದಳು. "ಮೇಡಂ, ಎಷ್ಟು ಹೊತ್ತು ಇರ್ತೀರಿ?"

"ಊಟ ಆದ ಮೇಲೆ ಹೊರಡ್ಬೇಕು. ಇನ್ನೊಂದು ಆಸ್ಪತ್ರೆ ಇದೆ."

"ನಿಧಾನವಾಗಿ ಅಗಿದು ಊಟ ಮಾಡಿ ಮೇಡಂ. ಆರೋಗ್ಯಕ್ಕೆ ಒಳ್ಳೇದು. ನಾನು ಗುಂಗುರುನ ಕರ್ಕೊಂಡು ಬರ್ತೀನಿ."

"ರಜೆಯಲ್ಲಿರೋರನ್ನ ಕರೆಯೋ ಅಧಿಕಾರ ನಿಮಗಿಲ್ಲ!" ದೊಡ್ಡ ಡಾಕ್ಟರು ಕೂಗಿದರು.

"ಅಧಿಕಾರದಿಂದ ಯಾರು ಕರೀತಾರೆ ಸಾರ್? ಅಕ್ಕನಾಗಿ ಕರೀತೀನಿ!" ಎನ್ನುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು.

ಗುಂಗುರುಗೆ ಫೋನು ಹತ್ತಲಿಲ್ಲ. ಕೂಸು ಮಲಗಿದಾಗ ಆ ಮನೆಯಲ್ಲಿ ಫೋನಿನ ಬಾಯಿ ಕಟ್ಟುತ್ತಾರೆ. ಆಂಬುಲೆನ್ಸ್ ಯಾವುದೋ ಅಪಘಾತಕ್ಕೆ ಹೋಗಿತ್ತು. ಅಂಗಳದಲ್ಲಿ ನಿಂತಿದ್ದದ್ದು ಲಾಂಡ್ರಿಯ ವ್ಯಾನ್ ಒಂದೇ. ಒಗೆದ ಬಟ್ಟೆಯ ಗಂಟುಗಳನ್ನು ನಾನು ಎಣಿಸಿ ಇಳಿಸಿಕೊಳ್ಳಬೇಕಾಗಿತ್ತು. ಸಿಸ್ಟರ್ ಹಿಂದಿನ ಬಾಗಿಲಿಗೆ ಹಾರಿ ಗಂಟಿನ ಮೇಲೆ ಕೂತೇಬಿಟ್ಟಳು.

"ಹೊರಡಪ್ಪಾ!"

"ಎಲ್ಲಿಗೆ? ಬಟ್ಟೆ ಇಳ್ಸಿಲ್ಲ!" ಎಂದ ವ್ಯಾನಿನವನು.

"ಬಟ್ಟೆ ನೋಡ್ಕೊಳ್ಳೋಕೆ ದೊಡ್ಡಮ್ಮನೂ ಬರ್ತಾರೆ. ಹತ್ತಿ ದೊಡ್ಡಮ್ಮ!"

ಅವಳು ಕೈ ಹಿಡಿದು ಎಳೆದ ರಭಸಕ್ಕೆ ನಾನು ಗಂಟಿನ ಮೇಲೆ ಇನ್ನೊಂದು ಗಂಟಾಗಿ ಬಿದ್ದೆ. ವ್ಯಾನ್ ಹೊರಟಿತು. ಬಟ್ಟೆ ಇನ್ನೂ ಬೆಚ್ಚಗಿತ್ತು, ಸೋಪಿನ ವಾಸನೆ ಮೂಗಿಗೆ ಅಡರುತ್ತಿತ್ತು. ಪ್ರತಿ ಗುಂಡಿಗೂ ಅವಳು "ದೇವರೇ" ಅನ್ನುವಳು, ನಾನು "ಸೊಂಟವೇ" ಅನ್ನುವೆ.

"ಹೀಗೆ ಓಡ್ತಿದ್ದೀಯಲ್ಲ, ಏನನ್ನಿಸ್ತಿದೆ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಗೊತ್ತಿಲ್ಲ ದೊಡ್ಡಮ್ಮ. ಬೇಗ ಸಿಗಲಿ ಅಂತಾನೂ ಬೇಡ್ಕೊಳ್ತಿದ್ದೀನಿ. ಏನು ಬೇಡ್ಕೊಳ್ತಿದ್ದೀನಿ ಅಂತ ಭಯಾನೂ ಆಗ್ತಿದೆ. ನಾನು ಬೇಡ ಅಂದ ಮೇಲೆ ಅವಳು ಎಲ್ಲಿಗೆ ಹೋಗ್ತಾಳೆ ಹೇಳಿ? ಆ ಸಂದಿಯ ಅಂಗಡಿಗೆ ತಾನೇ?"

ಆ ಸಂದಿ ನನಗೂ ಗೊತ್ತು. ಅಲ್ಲಿ ಕದ್ದು ಮಾತ್ರೆ ನುಂಗಿ, ರಕ್ತ ಸುರಿದು ನಮ್ಮ ಆಸ್ಪತ್ರೆಗೆ ಬಂದವರ ಹಾಸಿಗೆ ಬಟ್ಟೆ ಒಗೆತಕ್ಕೂ ಬರಲಿಲ್ಲ, ತೇಪೆಗೂ ಬರಲಿಲ್ಲ. ಹಿತ್ತಲಿನಲ್ಲಿ ಸುಟ್ಟಿದ್ದೇವೆ. ಸರ್ಕಾರ ಆ ಆದೇಶ ಯಾಕೆ ತಂದಿತೆಂದು ನನಗೆ ಓದಿ ತಿಳಿಯಬೇಕಾಗಿರಲಿಲ್ಲ.

ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹಳಿ ತನ್ನ ಅಪ್ಪನ ಮನೆಯದು ಎನ್ನುವ ಹಾಗೆ ನಿಧಾನವಾಗಿ ಸಾಗುತ್ತಿತ್ತು. ಸಿಸ್ಟರಿಗೆ ಕೂರಲಾಗಲಿಲ್ಲ. ಇಳಿದು, ಹಳಿಯ ಮೇಲಿನ ಸೇತುವೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಮೇಲೆ ಬಿಳಿ ಚೆಂಡೊಂದು ಉರುಳಿದ ಹಾಗೆ ಕಂಡಿತು. ಆಮೇಲೆ ಆಚೆಗೆ ಇಳಿದು ಮಾಯವಾಯಿತು. ಅಷ್ಟರಲ್ಲಿ ಗೇಟು ತೆಗೆದರು. ನಾವು ಗುಂಗುರುವಿನ ಮನೆ ಮುಟ್ಟಿದಾಗ ಅವಳು ಏದುಸಿರು ಬಿಡುತ್ತಾ ಆಗ ತಾನೇ ಬಾಗಿಲು ಬಡಿಯುತ್ತಿದ್ದಳು.

"ಓಡಿದೋರೂ ಬಂದ್ರು, ಕೂತೋರೂ ಬಂದ್ರು" ಎಂದು ವ್ಯಾನಿನವನು ನಕ್ಕ.

ಬಾಗಿಲು ತೆಗೆದವರು ಗುಂಗುರುವಿನ ಅತ್ತೆ. ಮಂಡಿನೋವಿನ ಹೆಂಗಸು, ಗೋಡೆ ಹಿಡಿದೇ ನಡೆಯುವವರು. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

"ಕೂಸಿಗೆ ಇನ್ನೂ ಕತ್ತು ನಿಂತಿಲ್ಲ, ಆಗ್ಲೇ ಕರೆಯೋಕೆ ಬಂದ್ರಾ?" ವಿಷಯ ಕೇಳಿದ ಮೇಲಂತೂ ಅವರ ಕಣ್ಣು ಕೆಂಪಾಯಿತು. "ಓಹೋ! ನಿನಗೆ ಪಾಪ ಬೇಡ, ನಮ್ಮ ಸೊಸೆಗೆ ಇರ್ಲಿ, ಅಲ್ವಾ? ನಿನ್ನ ಮನೆ ಕಸ ನಮ್ಮ ಬಾಗ್ಲಿಗೆ ಗುಡಿಸ್ತೀಯ? ಎಂಥ ಭಕ್ತಿ ತಾಯಿ ನಿಂದು!"

ಇಂಥ ಮಾತನ್ನು ದೊಡ್ಡ ಡಾಕ್ಟರೂ ಆಡಿರಲಿಲ್ಲ, ಗುರುಗಳೂ ಆಡಿರಲಿಲ್ಲ. ಸಿಸ್ಟರ್ ಕೆನ್ನೆಗೆ ಹೊಡೆಸಿಕೊಂಡ ಹಾಗೆ ನಿಂತಳು.

ಒಳಗಿನಿಂದ ಗುಂಗುರು ಬಂದಳು. ತೋಳಲ್ಲಿ ಕೂಸು, ತಲೆ ಕಾಗೆ ಗೂಡು. "ಅತ್ತೆ, ಅವರನ್ನ ಬೈಬೇಡಿ. ಇದು ನಂಗೆ ಪಾಪ ಅಂತ ಅನ್ನಿಸಿದ್ರೆ ನಾನೂ ಹೋಗ್ತಿರ್ಲಿಲ್ಲ. ಒಬ್ಳು ತಾಯಿ ಸಾಯೋದನ್ನ ನೋಡ್ತಾ ಕೂರೋದು ನಂಗೆ ಪಾಪ. ಅಕ್ಕನ ದೇವ್ರು ಅಕ್ಕನ್ನ ಕೇಳ್ತಾನೆ, ನನ್ನ ದೇವ್ರು ನನ್ನ ಕೇಳ್ತಾನೆ. ಇಬ್ರೂ ಒಂದೇ ಆಸ್ಪತ್ರೆಲಿ ಡ್ಯೂಟಿ ಮಾಡ್ತಾರೆ ಅಷ್ಟೇ."

"ಹಂಗಂತ ನೀನು ಹೇಳ್ಕೊಂಡೆ. ಕೂಸು? ಅದು ಬಾಟ್ಲಿ ಮುಟ್ಟಲ್ಲ, ನನ್ನ ಕೈಲಿ ಎತ್ತಿ ಓಡಾಡ್ಸೋಕೆ ಆಗಲ್ಲ."

ಎಲ್ಲರೂ ಕೂಸನ್ನು ನೋಡಿದರು. ಅದು ಆಕಳಿಸಿತು.

"ನನಗೆ ಕೊಡಿ. ಇಡೀ ಹೊತ್ತು ನನ್ನ ತೋಳಲ್ಲೇ ಇರುತ್ತೆ, ಕೆಳಗಿಡಲ್ಲ" ಎಂದಳು ಬದಲಿ ಸಿಸ್ಟರ್.

ಅತ್ತೆ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಮಕ್ಕಳನ್ನ ಸಾಕಿದ್ದೀಯ?"

"ಎರಡು ಕೋಣ ಸಾಕಿದ್ದೀನಿ ಅಮ್ಮ. ಇದು ಕರು."

ಮುದುಕಿಗೆ ನಗು ಬಂದುಬಿಟ್ಟಿತು. ಬಂದದ್ದಕ್ಕೆ ಸಿಟ್ಟೂ ಬಂತು. "ಹೋಗಿ, ಹೋಗಿ. ಬಟ್ಟೆ ಬದಲಾಯ್ಸೋದು ಮರೀಬೇಡಿ. ಆ ತಾಯಿಗೆ ಏನಾಯ್ತು ಅಂತ ಬಂದು ಹೇಳಿ ಮತ್ತೆ!"

ವಾಪಸು ಬರುವಾಗ ನಾವು ಮೂವರು, ನಡುವೆ ಕೂಸು. ವ್ಯಾನಿನವನಿಗೆ ಈಗ ಉತ್ಸಾಹ ಬಂದಿತ್ತು. ಯಾಕೆ ಎಂದು ಅವನಿಗೆ ನಾವು ಹೇಳಿರಲಿಲ್ಲ. "ಜೀವದ ವಿಷ್ಯ ತಾನೇ? ಅಷ್ಟು ಸಾಕು!" ಎಂದು ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ. ಕೂಸಿಗೆ ಆ ಸದ್ದು ಪ್ರಾಣವಾಗಿ ನಗುತ್ತಿತ್ತು.

ಆಸ್ಪತ್ರೆಯ ಗೇಟಿನಲ್ಲಿ ಸರ್ಕಾರಿ ಜೀಪು ಹೊರಟು ನಿಂತಿತ್ತು, ಡಾಕ್ಟರಮ್ಮ ಮುಂದೆ ಕೂತಾಗಿತ್ತು. ವ್ಯಾನಿನವನು ಗೇಟಿಗೆ ಅಡ್ಡವಾಗಿ ನಿಲ್ಲಿಸಿದ. ಬದಲಿ ಸಿಸ್ಟರ್ ಕೂಸನ್ನು ಎದೆಗವಚಿಕೊಂಡು ಜೀಪಿನ ಮೂತಿಗೆ ಮುಖ ಕೊಟ್ಟು ನಿಂತಳು.

"ಮೇಡಂ! ಬಂದ್ವಿ! ಕೈ ಬಂತು!"

ಡಾಕ್ಟರಮ್ಮ ತಲೆ ಹೊರಹಾಕಿ ನೋಡಿದರು. ಗುಂಗುರು, ಅವಳ ಹಿಂದೆ ನಾನು, ಮುಂದೆ ಕೂಸು. "ಇದೇನು ಸಿಸ್ಟರ್, ಒಂದು ಜೊತೆ ಕೈ ಕೇಳಿದ್ರೆ ಇಡೀ ಸಂಸಾರ ತಂದಿದ್ದೀರಿ!" ಎಂದು ನಗುತ್ತಾ ಇಳಿದರು. ನಿದ್ದೆ ಸಾರ್ ಹಿಂದಿನ ಸೀಟಿನಲ್ಲಿ ನಿಜವಾಗಿಯೂ ನಿದ್ದೆ ಹೋಗಿದ್ದರು. ಎಬ್ಬಿಸಿದೆವು.

ಗುಂಗುರು ಕೂಸಿಗೆ ಹಾಲು ಕುಡಿಸಿ, ಕೈ ತೊಳೆದು ಒಳಗೆ ಹೋದಳು. ಬೇಕರಿಯವಳನ್ನು ಗಾಲಿಮಂಚದ ಮೇಲೆ ತಂದರು. ಬಾಗಿಲ ಹತ್ತಿರ ಅವಳು ಸಿಸ್ಟರಿನ ಸೆರಗು ಹಿಡಿದಳು. ಸಿಸ್ಟರ್ ಅವಳ ಹಣೆಯ ಮೇಲಿನ ಕೂದಲು ಸರಿಸಿ, "ಇಲ್ಲೇ ಇರ್ತೀನಿ" ಎಂದಳು. ಬಾಗಿಲು ಮುಚ್ಚಿತು.

ಮುಚ್ಚಿದ ಕೂಡಲೇ ಕೂಸು ಕಿರುಚಿತು. ಅಂಥಿಂಥ ಕಿರುಚಾಟವಲ್ಲ, ಸೂರು ಹಾರುವ ಹಾಗೆ. ಹಲಗೆ ಗೋಡೆಯಾಚೆ ಮಲಗಿರುವವಳ ಕಿವಿಗೆ ಈ ಹೊತ್ತಿನಲ್ಲಿ ಕೂಸಿನ ಅಳು ಬಿದ್ದರೆ! "ಅಯ್ಯೋ ದೊಡ್ಡಮ್ಮ!" ಎಂದು ಸಿಸ್ಟರ್ ಮೊಗಸಾಲೆ ದಾಟಿ, ಮೆಟ್ಟಿಲಿಳಿದು, ಅಂಗಳದ ನೀರಿನ ಟ್ಯಾಂಕಿನ ಹಿಂದಕ್ಕೆ ಓಡಿದಳು. ನಾನು ಅವಳ ಹಿಂದೆ. ಅಲ್ಲಿ ಟ್ಯಾಂಕನ್ನು ಸುತ್ತತೊಡಗಿದಳು. ಬಾಯಲ್ಲಿ ಪ್ರಾರ್ಥನೆ, ತೋಳಲ್ಲಿ ತೂಗಾಟ. ಪ್ರಾರ್ಥನೆ ಯಾವುದು, ಜೋಗುಳ ಯಾವುದು ಎಂದು ಬಿಡಿಸಲಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಗುರುಗಳು ಬರಬೇಕೆ! ಯಾರೋ ಭಕ್ತರು ಕಾಲು ಮುರಿದುಕೊಂಡು ವಾರ್ಡಿನಲ್ಲಿದ್ದರು, ಅವರನ್ನು ನೋಡಲು ಬಂದಿದ್ದರು. ಅಳು ಕೇಳಿ ಟ್ಯಾಂಕಿನ ಹಿಂದೆ ಬಂದರು.

"ಯಾರ ಕೂಸಮ್ಮ ಇದು?"

"ಒಳಗೆ ಹೋದವಳದ್ದು." ಅವಳು ಸುಳ್ಳು ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಒಂದೇ ಉಸಿರಿಗೆ ಹೇಳಿದಳು. ರೋಗಿ ಯಾರು ಎಂಬುದನ್ನು ಮಾತ್ರ ಬಿಟ್ಟಳು.

ಗುರುಗಳು ಕೂಸಿನ ಕಡೆ ನೋಡಿದರು. "ನೀನು ಕೈ ಕೊಡಲಿಲ್ಲ. ಆದರೆ ಕೊಡುವವರನ್ನ ಕರ್ಕೊಂಡು ಬಂದೆ. ಎರಡೂ ಒಂದೇ ಅಲ್ವಾ ಮಗಳೇ?"

"ಒಂದೇ ಆಗಿದ್ರೆ ನನಗೆ ಇಷ್ಟು ಸಂಕಟ ಯಾಕೆ ಗುರುಗಳೇ? ಒಳಗೆ ಹೋಗಿದ್ರೆ ಒಂದು ಥರ ಹಗುರ, ಮನೆಗೆ ಹೋಗಿದ್ರೆ ಇನ್ನೊಂದು ಥರ ಹಗುರ. ನಾನು ನಿಂತಿರೋ ಜಾಗ ಇದೆಯಲ್ಲ, ಇದು ಭಾರ. ಆದ್ರೆ ನಾನು ಒಪ್ಪಲಿಲ್ಲ ಅಂತ ಇನ್ನೊಬ್ಬಳು ಸಾಯ್ಬಾರ್ದು. ಸರ್ಕಾರ ನನ್ನ ಮನಸ್ಸಿಗೆ ಜಾಗ ಬಿಟ್ಟಿದೆ. ಅವಳ ಮನಸ್ಸಿಗೆ ನಾನು ಜಾಗ ಬಿಡದಿದ್ರೆ ಹೆಂಗೆ?"

"ನಾನು ಇದನ್ನ ಒಪ್ಪಲ್ಲಮ್ಮ" ಎಂದರು ಗುರುಗಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಒಪ್ಬೇಡಿ. ಕೂಸು ಹಿಡ್ಕೊಳ್ಳಿ. ಗುಂಗುರುನ ವಾರ್ಡಲ್ಲಿ ಇಂಜೆಕ್ಷನ್ ಹೊತ್ತು ಮೀರ್ತಿದೆ!"

ಏನು ಎತ್ತ ಎನ್ನುವ ಮೊದಲೇ ಕೂಸು ಗುರುಗಳ ತೋಳಲ್ಲಿತ್ತು. ಸಿಸ್ಟರ್ ಓಡಿಬಿಟ್ಟಿದ್ದಳು. ಇಡೀ ಹೊತ್ತು ತನ್ನ ತೋಳಲ್ಲೇ ಇರುತ್ತದೆ ಎಂದ ಮಾತು ಅಲ್ಲಿಗೆ ಗಾಳಿಗೆ ಹೋಯಿತು. ಅತ್ತೆಗೆ ನಾನಂತೂ ಹೇಳಿಲ್ಲ. ಗುರುಗಳು ನನ್ನನ್ನು ನೋಡಿದರು. "ನನ್ನ ಕೈ ನಡುಗುತ್ತೆ ಸ್ವಾಮಿ, ನೀವೇ ಸರಿ" ಎಂದೆ. ನಿಜವನ್ನೇ ಹೇಳಿದ್ದು. ಅವರು ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿದರು, ಎರಡು ಹಾಕಿದರು. ಮೂರನೆಯ ಸುತ್ತಿಗೆ ಕೂಸು ಅವರ ಬಿಳಿ ಬಟ್ಟೆಯ ಮೇಲೆ ಬೆಚ್ಚಗೆ ಮಾಡಿ, ಸುಮ್ಮನಾಗಿ, ಕಣ್ಣು ಮುಚ್ಚಿತು. "ಆಗಿಂದ ಇದಕ್ಕೇ ಅಳ್ತಿತ್ತು ನೋಡಿ" ಎಂದೆ. ಗುರುಗಳು ನಗು ತಡೆಯಲು ತುಟಿ ಕಚ್ಚಿಕೊಂಡರು.

ಆಪರೇಷನ್ ಕೋಣೆಯ ಬಾಗಿಲು ತೆರೆದಾಗ ಸಿಸ್ಟರ್ ವಾರ್ಡಿನಿಂದ ಹಾರಿ ಬಂದಳು. ಗುಂಗುರು ಬೆವರಿನಲ್ಲಿ ಮಿಂದಿದ್ದಳು.

"ಎದೆ?" ಎಂದಳು ಸಿಸ್ಟರ್. ಬೇರೆ ಏನನ್ನೂ ಕೇಳಲಿಲ್ಲ.

"ನಡುವೆ ಒಂದ್ಸಲ ಹೆದರ್ಸಿತು ಅಕ್ಕ. ಮೇಡಂ ಕೈ ನಿಲ್ಸಿ ಕಾದ್ರು, ಔಷಧಿ ಕೊಟ್ವಿ, ಸರಿಹೋಯ್ತು. ಈಗ ಚೆನ್ನಾಗಿ ಹೊಡ್ಕೊಳ್ತಿದೆ. ನನ್ನ ಕೂಸೆಲ್ಲಿ?"

"ಗುರುಗಳ ಹತ್ರ."

"ಯಾರ ಹತ್ರ?"

ಗುಂಗುರು ಅಂಗಳಕ್ಕೆ ಓಡಿದಳು. ಬದಲಿ ಸಿಸ್ಟರ್ ಗೋಡೆಗೊರಗಿ ನಿಂತಳು. ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಉಳಿದವಳಿಗಾಗಿ ಎಷ್ಟು, ಇಲ್ಲವಾದದ್ದಕ್ಕಾಗಿ ಎಷ್ಟು ಎಂದು ನಾನು ಕೇಳಲಿಲ್ಲ. ಎರಡನ್ನೂ ಅವಳು ಬಚ್ಚಿಡಲಿಲ್ಲ. ಆಮೇಲೆ ಮುಖ ತೊಳೆದು, "ಬಾಗಿಲಿನಿಂದ ಈಚೆಗೆ ಬಂದ್ಳಲ್ಲ, ಇನ್ನು ಇವಳು ನನ್ನ ರೋಗಿ" ಎಂದು ಗಾಲಿಮಂಚವನ್ನು ತಾನೇ ವಾರ್ಡಿಗೆ ತಳ್ಳಿಕೊಂಡು ಹೋದಳು.

ಸಂಜೆಯ ಹೊತ್ತಿಗೆ ಬೇಕರಿಯವಳು ಕಣ್ಣು ಬಿಟ್ಟಳು. ಸುದ್ದಿ ಎದುರಿನ ಬೇಕರಿಗೆ ಮುಟ್ಟಿತ್ತೋ ಏನೋ, ಅವಳ ಎರಡೂ ಮಕ್ಕಳು ಕಾವಲುಗಾರನ ತೋಳಿನ ಕೆಳಗೆ ನುಸುಳಿ ಒಳಗೆ ಬಂದವು. ಅಮ್ಮನಿಗೆ ಹೊಟ್ಟೆನೋವು ಎಂದಷ್ಟೇ ಅವಕ್ಕೆ ಗೊತ್ತಿದ್ದದ್ದು. ದೊಡ್ಡವಳು ಮಂಚದ ಕಂಬಿ ಹಿಡಿದು ಜಿಗಿಯುತ್ತಾ, "ಅಮ್ಮಾ, ಎದ್ದೇಳು, ಮನೆಗೆ ಹೋಗೋಣ, ಅಮ್ಮಾ" ಎಂದು ಒಂದೇ ಸಮನೆ ಕೂಗಿದಳು.

"ಶ್! ಸುಮ್ನಿರೇ ಪುಟ್ಟಿ, ನಿಮ್ಮಮ್ಮನ ನಾಡಿ ಎಣಿಸ್ತಿದ್ದೀನಿ, ಲೆಕ್ಕ ತಪ್ಪುತ್ತೆ" ಎಂದಳು ಸಿಸ್ಟರ್.

"ನಂಗೂ ಎಣ್ಸೋಕೆ ಬರುತ್ತೆ!"

"ಬರುತ್ತಾ? ಬಾ ಹಾಗಾದ್ರೆ, ಇಲ್ಲಿ ಬೆರಳಿಡು. ಮೆತ್ತಗೆ. ಸಿಕ್ತಾ?"

ಹುಡುಗಿ ಉಸಿರು ಬಿಗಿಹಿಡಿದಳು. ಆಮೇಲೆ ಕಣ್ಣು ಅರಳಿದವು. "ಸಿಕ್ತು! ಕುಣೀತಿದೆ!" ಎಂದವಳು ಒಂದು, ಎರಡು, ಮೂರು ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಎಣಿಸತೊಡಗಿದಳು. ತಮ್ಮನೂ ದನಿ ಸೇರಿಸಿದ. ಅವನಿಗೆ ಐದರ ಮೇಲೆ ಬರುತ್ತಿರಲಿಲ್ಲ, ಐದಾದ ಮೇಲೆ ಮತ್ತೆ ಒಂದು. ಲೆಕ್ಕ ಕೆಟ್ಟು ಕೆರ ಹಿಡಿಯಿತು. ಸಿಸ್ಟರ್ ಗಡಿಯಾರ ನೋಡುವುದನ್ನು ಬಿಟ್ಟು, ಆ ಪುಟ್ಟ ಬೆರಳಿನ ಮೇಲೆ ತನ್ನ ಬೆರಳಿಟ್ಟು ಕೂತಳು. ಬೇಕರಿಯವಳು ಕಣ್ಣು ಮುಚ್ಚಿಕೊಂಡೇ, "ಆರು ಕಣೋ, ಐದಾದ್ಮೇಲೆ ಆರು" ಎಂದಳು.